ಆಮೆಗಳಿಗೆ ನಾಲ್ಕು ಟರ್ನ್

ಆಮೆ-ಮೊಲದ ಕತೆ ಚಿಕ್ಕಂದಿನಿಂದಲೂ ನನಗೆ ಸರಿಹೋಗಿಲ್ಲ. ಆಮೆ ಗೆದ್ದಿದ್ದೇನೋ ನಿಜ, ಆದರೆ ಮೊಲ ನಿದ್ದೆ ಹೊಡೆದದ್ದಕ್ಕೆ ಗೆದ್ದಿತು. ಮೊಲ ಎಚ್ಚರವಾಗೇ ಇದ್ದಿದ್ದರೆ? ಊರಿನ ಶಾಲೆಯಲ್ಲಿ ಮೇಷ್ಟ್ರನ್ನು ಕೇಳಿದಾಗ "ಕೂತ್ಕೊಳೋ ಸುಮ್ನೆ" ಅಂದಿದ್ದರು. ಉತ್ತರ ಸಿಕ್ಕಿದ್ದು ಬಿ.ಇ. ಎರಡನೇ ವರ್ಷದಲ್ಲಿ, ಹಾಸ್ಟೆಲಿನ ರೂಮ್‌ಮೇಟ್ ಕಂಪ್ಯೂಟರಿನಲ್ಲಿ, ಪೋಕೆಮಾನ್ ಆಡುವಾಗ.

ಪೋಕೆಮಾನ್ ಅಂದ್ರೆ ಟೀವಿಯಲ್ಲಿ ಬರುತ್ತಿದ್ದ ಹಳದಿ ಪಿಕಾಚು ಅಷ್ಟೇ ಅಂದುಕೊಂಡವರಿಗೆ ಒಂದು ಸಣ್ಣ ವಿವರಣೆ. ಇದು ಮೂಲದಲ್ಲಿ ಜಪಾನಿನ ಗೇಮ್ ಫ್ರೀಕ್ ಕಂಪನಿ 1996ರಲ್ಲಿ ಹೊರತಂದ ವಿಡಿಯೋ ಗೇಮ್. ಬಗೆಬಗೆಯ ಜೀವಿಗಳನ್ನು ಹಿಡಿದು, ಸಾಕಿ, ಬೇರೆಯವರ ಜೀವಿಗಳ ಜತೆ ಕಾಳಗಕ್ಕೆ ಬಿಡಬೇಕು. ಕಾಳಗ ನಡೆಯೋದು ಟರ್ನ್ ಲೆಕ್ಕದಲ್ಲಿ. ಚೆಸ್ಸಿನ ಹಾಗೆ ಒಬ್ಬರಾದ ಮೇಲೊಬ್ಬರಲ್ಲ. ಇಬ್ಬರೂ ಒಟ್ಟಿಗೇ, ಗುಟ್ಟಾಗಿ ತಮ್ಮ ಪಟ್ಟು ಆರಿಸುತ್ತಾರೆ. ಯಾರ ಪಟ್ಟು ಮೊದಲು ನಡೆಯುತ್ತೆ ಅನ್ನೋದನ್ನು ಸಾಮಾನ್ಯವಾಗಿ ಆ ಜೀವಿಗಳ 'ಸ್ಪೀಡ್' ತೀರ್ಮಾನಿಸುತ್ತೆ. ಮೊದಲ ಏಟಿಗೇ ಎದುರಾಳಿ ಉರುಳಿದರೆ ಅದರ ಸರದಿ ಅಲ್ಲಿಗೇ ರದ್ದು. ಅದು ಎಂಥಾ ಶಕ್ತಿಶಾಲಿಯಾದರೂ ಅಷ್ಟೇ. ಸರದಿಯೇ ಬರದ ಮೇಲೆ ತಾಕತ್ತು ಎಷ್ಟಿದ್ದು ಏನು ಬಂತು?

ನನಗೋ ದಪ್ಪ, ಭಾರ, ಮೈಮೇಲೆ ಬಂಡೆ ಹೊತ್ತಂಥವೇ ಇಷ್ಟ. ರೈಪೀರಿಯರ್ ಅಂತ ಘೇಂಡಾಮೃಗದಂಥದ್ದೊಂದಿದೆ. ಅದರ ಮೂಲ ಅಟ್ಯಾಕ್ 140, ಸ್ಪೀಡ್ ಬರೀ 40. ರೂಮ್‌ಮೇಟ್ 115 ಸ್ಪೀಡಿನ ಸ್ಟಾರ್ಮಿ ಅನ್ನೋ ನಕ್ಷತ್ರಮೀನನ್ನು ಬಿಟ್ಟು, ಒಂದು ಅಲೆ ಎಬ್ಬಿಸಿ ಕತೆ ಮುಗಿಸುತ್ತಿದ್ದ. "ಯಾವಾಗ್ಲೂ ಎಮ್ಮೆಗಳನ್ನೇ ಸಾಕ್ತೀಯಲ್ಲೋ" ಅಂತ ನಗೋದು ಬೇರೆ. ಆಮೇಲೆ ಗೊತ್ತಾಯ್ತು, ಈ ಎಮ್ಮೆಗಳಿಗೂ ಒಂದು ಇತಿಹಾಸ ಇದೆ.

ಮೊದಲ ಆಟಗಳಲ್ಲಿ ಸ್ಪೀಡ್ ಇದ್ದವನೇ ದೊರೆ. ಬರೀ ಮೊದಲು ಹೊಡೆಯೋದಷ್ಟೇ ಅಲ್ಲ. ಕೆಲವು ಏಟುಗಳು ಅದೃಷ್ಟದಿಂದ ಹೆಚ್ಚುಕಮ್ಮಿ ಎರಡರಷ್ಟು ಜೋರಾಗಿ ಬೀಳುತ್ತವೆ, ಅದಕ್ಕೆ ಕ್ರಿಟಿಕಲ್ ಹಿಟ್ ಅಂತಾರೆ. 1996ರ ಆಟದಲ್ಲಿ ಆ ಅದೃಷ್ಟವನ್ನೂ ಸ್ಪೀಡಿಗೇ ಕಟ್ಟಿಹಾಕಿದ್ದರು: ಜೀವಿಯ ಮೂಲ ಸ್ಪೀಡನ್ನು 512ರಿಂದ ಭಾಗಿಸಿದರೆ ಬರುವಷ್ಟು ಸಾಧ್ಯತೆ. 110 ಸ್ಪೀಡಿನ ಟಾರಸ್ ಎಂಬ ಗೂಳಿಗೆ ಶೇ. 21ಕ್ಕೂ ಹೆಚ್ಚು, 30 ಸ್ಪೀಡಿನ ಸ್ಲೋಬ್ರೋಗೆ ಶೇ. 6ಕ್ಕೂ ಕಮ್ಮಿ. ಬೇಗ ಬಂದವನಿಗೆ ಊಟದ ಜತೆ ಹೋಳಿಗೆನೂ ಅವನಿಗೇ ಅನ್ನೋ ಲೆಕ್ಕ. ಟಾರಸ್ ಆ ಕಾಲದ ಅತಿ ಭಯಂಕರ ಆಟಗಾರರ ಸಾಲಿಗೆ ಸೇರಿದ್ದರಲ್ಲಿ ಆಶ್ಚರ್ಯ ಇಲ್ಲ.

ಹಾಗಂತ ನಿಧಾನದವು ಇರಲೇ ಇಲ್ಲ ಅಂತಲ್ಲ. ಸ್ನಾರ್ಲ್ಯಾಕ್ಸ್, ಚಾನ್ಸಿ ಆಗಲೂ ಇದ್ದವು. ಆದರೆ ಅವು ಬದುಕಿದ್ದು ಏಟು ತಿನ್ನೋ ಶಕ್ತಿಯಿಂದ. ಇನ್ನೊಂದು ದಾರಿ ಎದುರಾಳಿಗೆ ಲಕ್ವ ಹೊಡೆಸೋದು. ಥಂಡರ್ ವೇವ್ ತಗುಲಿದರೆ ಎದುರಾಳಿಯ ಸ್ಪೀಡ್ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಅಂದ್ರೆ ನಿಧಾನದವನ ಮುಂದೆ ಇದ್ದದ್ದು ಎರಡೇ ಆಯ್ಕೆ: ಸಹಿಸಿಕೋ, ಇಲ್ಲಾ ಓಡುವವನ ಕಾಲು ಮುರಿ.

1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಕ್ರಿಟಿಕಲ್ ಹಿಟ್‌ಗೂ ಸ್ಪೀಡಿಗೂ ಇದ್ದ ನಂಟು ಕಡಿದರು. ಆ ಕಾಲ ಸ್ನಾರ್ಲ್ಯಾಕ್ಸ್‌ನದ್ದು. ತಿಂದುಂಡು ಮಲಗೋ ಈ ಡೊಳ್ಳುಹೊಟ್ಟೆಯ ಪ್ರಾಣಿ 'ಕರ್ಸ್' ಅನ್ನೋ ಪಟ್ಟು ಹಾಕಿ, ತನ್ನ ಸ್ಪೀಡನ್ನು ಇನ್ನಷ್ಟು ಇಳಿಸಿಕೊಂಡು, ಬದಲಿಗೆ ಬಲವನ್ನೂ ರಕ್ಷಣೆಯನ್ನೂ ಏರಿಸಿಕೊಳ್ಳುತ್ತಿತ್ತು. ಹೇಗೂ ಕೊನೆಗೇ ಬರೋದು, ಇನ್ನೂ ಸ್ವಲ್ಪ ಲೇಟಾದರೆ ಏನಂತೆ! 2002ರ ರೂಬಿ ಮತ್ತು ಸಫೈರ್ ಎರಡು ಮುಖ್ಯ ಬದಲಾವಣೆ ತಂದವು. ಒಂದು, ಪ್ರತಿ ಜೀವಿಗೂ ಒಂದು ಸ್ವಭಾವ. ಕೆಲವು ಸ್ವಭಾವದವು ಸ್ಪೀಡಿನಲ್ಲಿ ಶೇ. 10 ಕಳೆದುಕೊಂಡು ಬಲದಲ್ಲಿ ಶೇ. 10 ಗಳಿಸುತ್ತವೆ. ಇನ್ನೊಂದು, ಇಬ್ಬರಿಗೆ ಇಬ್ಬರು ಅಕ್ಕಪಕ್ಕ ನಿಂತು ಹೋರಾಡುವ ಜೋಡಿ ಕಾಳಗ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2006ರ ಸೆಪ್ಟೆಂಬರ್ 28ರಂದು ಜಪಾನಿನಲ್ಲಿ ಡೈಮಂಡ್ ಮತ್ತು ಪರ್ಲ್ ಬಂದವು. ಅದರಲ್ಲಿ ಟ್ರಿಕ್ ರೂಮ್ ಅನ್ನೋ ಹೊಸ ಪಟ್ಟು. ಇದನ್ನು ಹಾಕಿದರೆ ಅಖಾಡದ ಸುತ್ತ ಒಂದು ವಿಚಿತ್ರ ಕೋಣೆ ಏಳುತ್ತೆ. ಅದರೊಳಗೆ ಕಮ್ಮಿ ಸ್ಪೀಡ್ ಇರೋರು ಮೊದಲು, ಜಾಸ್ತಿ ಇರೋರು ಆಮೇಲೆ. ಗಮನಿಸಿ, ಯಾರ ಸ್ಪೀಡೂ ಬದಲಾಗಲ್ಲ. ಆಮೆ ಆಮೆಯೇ, ಮೊಲ ಮೊಲವೇ, ಮೊಲಕ್ಕೆ ನಿದ್ದೆನೂ ಇಲ್ಲ. ಬದಲಾಗೋದು ಸಾಲು ನಿಲ್ಲಿಸೋ ಕ್ರಮ ಮಾತ್ರ. ಕೋಡ್ ಬರೆಯೋರಿಗೆ ಒಂದೇ ಮಾತಲ್ಲಿ ಹೇಳಬಹುದು: ಸಾರ್ಟ್ ಆರ್ಡರ್ ಉಲ್ಟಾ.

ಉಲ್ಟಾ ಮಾಡಿರೋ ರೀತಿಯಲ್ಲಿ ನಮ್ಮ ಕಸುಬಿನವರಿಗೆ ಖುಷಿ ಕೊಡೋ ಒಂದು ತಮಾಷೆಯೂ ಇದೆ. ಮುಂದಿನ ಆಟಗಳಲ್ಲಿ ಕೋಣೆಯೊಳಗೆ 10000ದಿಂದ ಸ್ಪೀಡನ್ನು ಕಳೆದು, ಉತ್ತರದ ಕೊನೆಯ 13 ಬಿಟ್ ಮಾತ್ರ ಇಟ್ಟುಕೊಂಡು, ದೊಡ್ಡ ಸಂಖ್ಯೆಯವರನ್ನು ಮೊದಲು ಬಿಡುತ್ತಾರೆ. 13 ಬಿಟ್‌ನಲ್ಲಿ ಹಿಡಿಸೋದು 8191ರವರೆಗೆ. ಹಾಗಾಗಿ ಸ್ಪೀಡ್ 1808 ಇದ್ದರೆ ಉತ್ತರ 8192, ಅದು ಸೊನ್ನೆಯಾಗಿ ಕಟ್ಟಕಡೆಗೆ ಬೀಳುತ್ತೆ. 1809 ಇದ್ದರೆ 8191, ಎಲ್ಲರಿಗಿಂತ ಮುಂದೆ! ಸ್ಪೀಡನ್ನು ಅಲ್ಲಿಗೆ ಮುಟ್ಟಿಸೋದು ನಿಜವಾದ ಪಂದ್ಯದಲ್ಲಿ ಹೆಚ್ಚುಕಮ್ಮಿ ಆಗದ ಮಾತು. ಆದರೂ ಎಷ್ಟು ಉಲ್ಟಾ ಮಾಡಿದರೂ ವಿಪರೀತ ಓಡುವವನಿಗೆ ಒಂದು ಕಿಂಡಿ ಉಳಿದೇ ಇರುತ್ತೆ ಅನ್ನೋದನ್ನು ನೋಡಿ ನನಗೆ ನಗು ಬಂದಿತ್ತು.

ಪಟ್ಟು ಸಿಕ್ಕಿದ ಮೇಲೆ ಆಟಗಾರರು ನಿಧಾನವನ್ನು ಬೆಳೆ ತೆಗೆದ ಹಾಗೆ ಬೆಳೆಯೋಕೆ ಶುರುಮಾಡಿದರು. ಪ್ರತಿ ಜೀವಿಗೂ ಹುಟ್ಟಿನಿಂದಲೇ 0ಯಿಂದ 31ರವರೆಗೆ ಒಂದು ಗುಣಾಂಕ ಬರುತ್ತೆ. ಎಲ್ಲರೂ 31 ಹುಡುಕುತ್ತಿದ್ದ ಕಡೆ, ಇವರು ಸ್ಪೀಡಿನಲ್ಲಿ ಸೊನ್ನೆ ಬರಲಿ ಅಂತ ಮೊಟ್ಟೆ ಮೇಲೆ ಮೊಟ್ಟೆ ಒಡೆಸುತ್ತಾ ಕೂತರು. ಟಾರ್ಕೋಲ್ ಅಂತ ಬೆನ್ನಮೇಲೆ ಹೊಗೆಯಾಡುವ ಕಲ್ಲಿದ್ದಲ ಆಮೆಯೊಂದಿದೆ. 50ನೇ ಲೆವೆಲ್‌ನಲ್ಲಿ, ಸ್ಪೀಡಿಗೇ ಎಲ್ಲ ಸುರಿದು ಸಾಕಿದರೆ ಅದರ ಸ್ಪೀಡ್ 79. ಬೇಕಂತಲೇ ನಿಧಾನ ಮಾಡಿ ಸಾಕಿದರೆ 22. ಕೋಣೆಯೊಳಗೆ ಆ 22ಕ್ಕೇ ಬೆಲೆ.

ಆದರೆ ಇದಕ್ಕೊಂದು ಖರ್ಚಿದೆ, ಆ ಖರ್ಚೇ ಈ ಇತಿಹಾಸದ ತಿರುಳು. ಟ್ರಿಕ್ ರೂಮ್ ಹಾಕುವ ಪಟ್ಟು ಆ ಟರ್ನಿನ ಕಟ್ಟಕಡೆಗೆ ನಡೆಯುತ್ತೆ. ಆಟದ ಲೆಕ್ಕದಲ್ಲಿ ಅದರ ಆದ್ಯತೆ ಮೈನಸ್ 7. ಅಂದ್ರೆ ಕೋಣೆ ಕಟ್ಟೋಕೆ ನಿಂತವನು ಮೊದಲು ಎದುರಾಳಿಯ ಎಲ್ಲ ಏಟು ತಿಂದು, ಆಮೇಲೂ ನಿಂತಿದ್ದರೆ ಮಾತ್ರ ಕೋಣೆ ಏಳುತ್ತೆ. ಎದ್ದ ಮೇಲೂ ಅದರ ಆಯಸ್ಸು ಐದು ಟರ್ನ್. ಹಾಕಿದ್ದು ಒಂದು ಹೋದರೆ ಕೈಗೆ ಸಿಗೋದು ನಾಲ್ಕು. ಅದೂ ನಮಗೊಬ್ಬರಿಗೇ ಬರೆದುಕೊಟ್ಟ ಆಸ್ತಿಯಲ್ಲ. ಎದುರಾಳಿಯ ಹತ್ತಿರ ನಮಗಿಂತ ನಿಧಾನದವನಿದ್ದರೆ ಮೊದಲ ಮಣೆ ಅವನಿಗೇ.

ಹಾಗಾಗಿ ಹೊಡೆಯೋರಿಗಿಂತ ಕೋಣೆ ಕಟ್ಟೋರನ್ನು ಹುಡುಕೋದೇ ದೊಡ್ಡ ಕೆಲಸವಾಯ್ತು. 2010ರ ಬ್ಲ್ಯಾಕ್ ಮತ್ತು ವೈಟ್‌ನಲ್ಲಿ ಇವಿಯೋಲೈಟ್ ಅನ್ನೋ ಕಲ್ಲು ಬಂತು. ಪೂರ್ತಿ ಬೆಳೆಯದ ಜೀವಿಗೆ ಅದನ್ನು ಕೊಟ್ಟರೆ ರಕ್ಷಣೆ ಒಂದೂವರೆ ಪಟ್ಟು. ಡಸ್ಕ್ಲಾಪ್ಸ್ ಅನ್ನೋ ಒಂಟಿಗಣ್ಣಿನ ದೆವ್ವ ಬೆಳೆದರೆ ಡಸ್ಕ್‌ನಾಯರ್ ಆಗಿ ಇನ್ನೂ ಜೋರಾಗಿ ಹೊಡೆಯಬಲ್ಲದು. ಆದರೆ ಆಟಗಾರರು ಅದನ್ನು ಬೆಳೆಸಲಿಲ್ಲ. ಬಡ್ತಿ ತಗೊಳ್ಳದೆ ಹಾಗೇ ಉಳಿದು, ಏಟು ತಿಂದು, ಕೋಣೆ ಕಟ್ಟಿ, ಪಕ್ಕದವನಿಗೆ ದಾರಿ ಬಿಡೋದು ಅದರ ಕೆಲಸವಾಯ್ತು. ಪೋರಿಗಾನ್2 ಕತೆಯೂ ಅದೇ. 2009ರಿಂದ ನಡೆಯುತ್ತಿರುವ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ಜೋಡಿ ಕಾಳಗದ್ದಾದ್ದರಿಂದ ಕಟ್ಟುವವನೂ ಹೊಡೆಯುವವನೂ ಅಕ್ಕಪಕ್ಕ ನಿಲ್ಲುವ ಈ ತಂತ್ರಕ್ಕೆ ಅಲ್ಲಿ ಜಾಗ ಸಿಕ್ಕಿತು.

ಇದರ ಸೊಗಸು ಚೆನ್ನಾಗಿ ಕಂಡದ್ದು 2016ರ ಕೊನೆಗೆ ಸನ್ ಮತ್ತು ಮೂನ್ ಬಂದ ಮೇಲೆ, ನಮ್ಮ ಆಮೆಯಲ್ಲೇ. ಟಾರ್ಕೋಲ್ ಕೈಯಲ್ಲಿ ಎರಪ್ಷನ್ ಅನ್ನೋ ಅಸ್ತ್ರವಿದೆ. ಮೈಯಲ್ಲಿ ಪೂರ್ತಿ ಜೀವ ಇದ್ದರೆ ಅದರ ಶಕ್ತಿ 150. ಜೀವ ಇಳಿದಷ್ಟೂ ಶಕ್ತಿಯೂ ಇಳಿಯುತ್ತೆ. ಕೊನೆಗೆ ಬರೋ ಆಮೆ ಅಷ್ಟರಲ್ಲಿ ಅರ್ಧ ಜೀವ ಕಳೆದುಕೊಂಡಿರುತ್ತಿತ್ತು, ಅಸ್ತ್ರ ಇದ್ದೂ ಇಲ್ಲದ ಹಾಗೆ. ಕೋಣೆಯೊಳಗೆ ಅದೇ ಮೊದಲು. ಪೂರ್ತಿ ಜೀವ, ಪೂರ್ತಿ ಶಕ್ತಿ, ಎದುರಿನ ಇಬ್ಬರಿಗೂ ಒಟ್ಟಿಗೇ. ಆ ಆಟದಲ್ಲಿ ಅದು ಕಾಲಿಟ್ಟ ಕೂಡಲೇ ಸುಡುಬಿಸಿಲು ತರೋ ಗುಣವನ್ನೂ ಪಡೆದಿದ್ದರಿಂದ ಬೆಂಕಿಗೆ ಇನ್ನೂ ಅರ್ಧ ಪಟ್ಟು ಜೋರು. ಪಕ್ಕದಲ್ಲಿ ಒರಂಗುರು ಅನ್ನೋ ಕೋತಿ ಇದ್ದರೆ, ಆಮೆ ಹೊಡೆದ ತಕ್ಷಣ 'ಇನ್ನೊಂದ್ಸಲ' ಅಂತ ಅದೇ ಟರ್ನಿನಲ್ಲಿ ಮತ್ತೆ ಹೊಡೆಸುತ್ತೆ.

ಎದುರಾಳಿಗಳೇನು ಸುಮ್ಮನೆ ಕೂರಲಿಲ್ಲ. ಫೇಕ್ ಔಟ್ ಅಂತ ಮುಖದ ಮುಂದೆ ಚಪ್ಪಾಳೆ ತಟ್ಟಿ ಬೆದರಿಸಿದರೆ ಕಟ್ಟುವವನ ಆ ಟರ್ನ್ ವ್ಯರ್ಥ. ಟಾಂಟ್ ಅಂತ ಕೆಣಕಿದರೆ ಕೆಲ ಟರ್ನ್ ಏಟು ಹೊಡೆಯೋದು ಬಿಟ್ಟು ಬೇರೇನೂ ಮಾಡೋಕಾಗಲ್ಲ. ಕೋಣೆ ಎದ್ದೇಬಿಟ್ಟರೆ ಗುರಾಣಿ ಹಿಡಿದು, ಆಳು ಬದಲಿಸಿ ನಾಲ್ಕು ಟರ್ನ್ ಕಳೆದುಬಿಡೋದು. ಇಲ್ಲಾ ತಾವೇ ಟ್ರಿಕ್ ರೂಮ್ ಹಾಕೋದು. ಉಲ್ಟಾದ ಉಲ್ಟಾ ಸೀದಾ. ಇದಕ್ಕೆ ಪ್ರತಿಯಾಗಿ 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ಇಂಡೀಡೀ, ಹ್ಯಾಟರೀನ್ ಜೋಡಿ ಬಂತು. ಇಂಡೀಡೀ ಬಂದು ನಿಂತರೆ ನೆಲದ ಗುಣವೇ ಬದಲಾಗಿ ಫೇಕ್ ಔಟ್ ತಟ್ಟಲ್ಲ. ಹೆಣ್ಣು ಇಂಡೀಡೀ ಆದರೆ ಏಟುಗಳನ್ನೂ ತನ್ನ ಕಡೆ ಎಳೆದುಕೊಳ್ಳುತ್ತೆ. ಹ್ಯಾಟರೀನ್ ತನ್ನ ಮೇಲೆ ಬಂದ ಟಾಂಟನ್ನು ಬಂದ ಕಡೆಗೇ ವಾಪಸ್ ಕಳಿಸುತ್ತೆ. ಕೋಣೆ ಕಟ್ಟೋನನ್ನು ಕಾಯೋಕೂ ಒಬ್ಬ!

2020ರಲ್ಲಿ ಆಟ ರೂಪಿಸಿದವರೇ ಒಂದು ವಿಷಯವನ್ನು ಬಿಡಿಸಿ ತೋರಿಸಿದರು. ಕ್ಯಾಲಿರೆಕ್ಸ್ ಅನ್ನೋ ರಾಜ, ಅವನಿಗೆ ಎರಡು ಕುದುರೆ, ಹತ್ತೋಕೆ ಆರಿಸಿಕೊಳ್ಳಬಹುದಾದ್ದು ಒಂದು. ಕಪ್ಪು ಕುದುರೆ ಹತ್ತಿದರೆ ಸ್ಪೀಡ್ 150, ಹಿಮದ ಕುದುರೆ ಹತ್ತಿದರೆ 50. ಆದರೆ ಆರೂ ಗುಣಗಳನ್ನು ಕೂಡಿಸಿದರೆ ಎರಡೂ ಕಡೆ ಒಟ್ಟು 680. ಒಬ್ಬ ಓಟಕ್ಕೆ ಸುರಿದದ್ದನ್ನು ಇನ್ನೊಬ್ಬ ಮೈಗಟ್ಟಿಗೆ ಸುರಿದಿದ್ದಾನೆ. ನಿಧಾನ ಅನ್ನೋದು ಎಷ್ಟೋ ಸಲ ಕೊರತೆಯಲ್ಲ, ದುಡ್ಡು ಬೇರೆ ಕಡೆ ಖರ್ಚಾಗಿದೆ ಅಷ್ಟೇ. ಹಿಮದ ಕುದುರೆಯ ರಾಜ ಟ್ರಿಕ್ ರೂಮ್ ತಂಡಗಳ ಯಜಮಾನನೇ ಆದ. ಈಗಿನ ಒಳ್ಳೆ ತಂಡಗಳಲ್ಲಿ ಎಲ್ಲರೂ ನಿಧಾನದವರೇ ಇರೋದು ಕಮ್ಮಿ. ಆರು ಜನರಲ್ಲಿ ಓಡೋರೂ ಇರ್ತಾರೆ, ನಿಲ್ಲೋರೂ ಇರ್ತಾರೆ. ಎದುರಾಳಿಯನ್ನು ನೋಡಿ ಕೋಣೆ ಬೇಕೋ ಬೇಡವೋ ಅಂತ ತೀರ್ಮಾನಿಸುತ್ತಾರೆ.

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನನ್ನ ಮೊದಲ ಕೆಲಸದಲ್ಲಿ ನಾನು ಆ ಘೇಂಡಾಮೃಗವೇ ಆಗಿದ್ದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮೀಟಿಂಗಿನಲ್ಲಿ ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟೋಷ್ಟರಲ್ಲಿ ವಿಷಯ ಎರಡು ಸ್ಟಾಪ್ ಮುಂದೆ ಹೋಗಿರ್ತಿತ್ತು. ಒಂದು ಸಲ ನನ್ನ ಮಾಡ್ಯೂಲ್ ವಾರ ತಡವಾಯ್ತು. ಆದರೆ ಯಾರೂ ನನ್ನನ್ನು ಕೇಳಲಿಲ್ಲ. ಆ ವಾರದಲ್ಲೇ, ಎಲ್ಲರ ಕಣ್ಣು ತಪ್ಪಿಸಿದ್ದ ಒಂದು ಬಗ್ ನನಗೆ ಸಿಕ್ಕಿ ಹೆಸರೂ ಬಂತು. ತಡವಾಗಿದ್ದು ತನ್ನ ಪ್ಲಾನಿಂಗ್ ತಪ್ಪಿನಿಂದ ಅಂತ ನಮ್ಮ ಲೀಡ್ ಕ್ಲೈಂಟ್ ಮುಂದೆ ಒಪ್ಪಿಕೊಂಡು ಬೈಸಿಕೊಂಡಿದ್ದಳು ಅಂತ ತಿಳಿದದ್ದು ಅವಳು ಕೆಲಸ ಬಿಟ್ಟು ಹೋದ ಮೇಲೆ. ಅಷ್ಟು ದಿನ ನಾನು ಗೆದ್ದದ್ದು ನನ್ನ ತಾಕತ್ತಿನಿಂದಲೇ ಅಂದುಕೊಂಡಿದ್ದೆ.

ಈಗ ನಾನೇ ಲೀಡ್. ಹೋದ ವರ್ಷ ನಮ್ಮ ಟೀಮಿಗೆ ಊರ ಕಡೆಯ ಹುಡುಗನೊಬ್ಬ ಸೇರಿದ. ಬೆಳಗಿನ ಸ್ಟ್ಯಾಂಡಪ್‌ನಲ್ಲಿ ಹತ್ತು ಜನ ಪಟಪಟ ಮಾತಾಡಿ ಮುಗಿಸೋಷ್ಟರಲ್ಲಿ ಟೈಮ್ ಆಗಿ, ಅವನ ಪಾಲಿಗೆ "ಸೇಮ್ ಆಸ್ ಯೆಸ್ಟರ್ಡೇ" ಅನ್ನೋದಷ್ಟೇ ಉಳೀತಿತ್ತು. ಒಂದು ದಿನ ಕ್ರಮ ಉಲ್ಟಾ ಮಾಡಿದೆ. ಹೊಸಬರು ಮೊದಲು, ಹಳಬರು ಕೊನೆಗೆ. ಮೀಟಿಂಗ್ ಉದ್ದ ಆಗುತ್ತೆ ಅಂತ ಹಳಬರು ಗೊಣಗಿದರು, ಮೇಲಿನವರು ನನ್ನ ರಿವ್ಯೂನಲ್ಲೂ ಅದನ್ನು ಬರೆದರು. ಬರೆಯಲಿ ಬಿಡಿ, ಕೋಣೆ ಕಟ್ಟೋನಿಗೆ ಮೊದಲು ಏಟು ಬೀಳೋದು ಆಟದ ನಿಯಮ. ಈ ಕ್ರಮ ಎಷ್ಟು ದಿನ ನಡೆಯುತ್ತೋ ಗೊತ್ತಿಲ್ಲ. ಮೊನ್ನೆ ಅವನು ಮೊದಲ ಸಲ ಐದು ನಿಮಿಷ ಪೂರ್ತಿ ಮಾತಾಡಿದ.