ಪಡುವಣಕ್ಕೆ ಮುಖ ಮಾಡಿದ ಛತ್ರಿ

1975ರ ಮಳೆಗಾಲದಲ್ಲಿ ಲಿಂಗಸುಗೂರು ತಾಲೂಕಿನ ನಮ್ಮೂರ ಶಾಲೆಯ ಅಂಗಳಕ್ಕೆ ಒಂದು ಜೀಪು ಬಂತು. ಇಳಿದವರು ಹತ್ತಡಿ ಅಗಲದ ಛತ್ರಿಯೊಂದನ್ನು ಜೋಡಿಸಿದರು. ಬಟ್ಟೆಯ ಛತ್ರಿಯಲ್ಲ, ಕೋಳಿಗೂಡಿಗೆ ಹೊಡೆಯುವಂಥ ತಂತಿ ಜಾಳಿಗೆಯದು. ಅದನ್ನು ಪಡುವಣಕ್ಕೆ ತಿರುಗಿಸಿ ನಿಲ್ಲಿಸಿದಾಗ ನಮ್ಮಜ್ಜ ಕೇಳಿದ: 'ಯಪ್ಪಾ, ಹೊತ್ತು ಮುಳುಗೋ ದಿಕ್ಕಿಗ್ಯಾಕ ಹಚ್ಚೀರಿ? ಮೂಡಲಕ್ಕ ಹಚ್ಚಬಾರದೇನು?' ಬಂದವರು ನಕ್ಕರೇ ಹೊರತು ಉತ್ತರ ಕೊಡಲಿಲ್ಲ. ನನಗೆ ಉತ್ತರ ಸಿಕ್ಕಿದ್ದು ಬಿ.ಎಸ್ಸಿ. ಓದುವಾಗ. ಅಮೆರಿಕದವರು ಒಂದು ವರ್ಷದ ಮಟ್ಟಿಗೆ ಕೊಟ್ಟಿದ್ದ ಎಟಿಎಸ್-6 ಉಪಗ್ರಹ ಆಗ ಪೂರ್ವ ಆಫ್ರಿಕಾದ ವಿಕ್ಟೋರಿಯಾ ಸರೋವರದ ನೆತ್ತಿಯ ಮೇಲೆ ನಿಂತಿತ್ತು. ನಮ್ಮ ಛತ್ರಿ ನೋಡುತ್ತಿದ್ದದ್ದು ಅದನ್ನು.

ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಮುಟ್ಟಿಸುವ ಆ ಪ್ರಯೋಗಕ್ಕೆ ಸೈಟ್ ಎಂದು ಹೆಸರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಕರ್ನಾಟಕದ ಪಾಲಿಗೆ ಬಂದವು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಹಿಂದುಳಿದವರೆನ್ನಿಸಿಕೊಂಡಿದ್ದಕ್ಕೆ ನಮಗೆ ದಕ್ಕಿದ ಒಂದೇ ಲಾಭ ಅದು: ಬೆಂಗಳೂರಿನವರು ಟಿವಿ ಕಾಣುವ ಆರು ವರ್ಷ ಮೊದಲೇ ನಾವು ಕಂಡೆವು. ಬೆಳಿಗ್ಗೆ ಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷ, ಸಂಜೆ ದೊಡ್ಡವರಿಗೆ ಒಕ್ಕಲುತನ, ಆರೋಗ್ಯ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಮಕ್ಕಳ ವಿಜ್ಞಾನದ ಸರಣಿಗೆ ಇಸ್ರೋ ಮುಂಬಯಿಯಲ್ಲಿ ಬೇರೆ ಸ್ಟುಡಿಯೋ ಹೂಡಿತ್ತು. ಪ್ರೊಫೆಸರ್ ಯಶ್ ಪಾಲ್ ಆಗ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರು.

ಒಳ್ಳೆಯ ಕೆಲಸ, ಅನುಮಾನವಿಲ್ಲ. ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಆ ಒಂದೇ ವರ್ಷದಲ್ಲಿ ವಿಜ್ಞಾನ ಪಾಠದ ತರಬೇತಿ ಸಿಕ್ಕಿತು. ಆದರೆ ಆ ಪೆಟ್ಟಿಗೆಗೆ ಬಾಯಿ ಮಾತ್ರ ಇತ್ತು, ಕಿವಿ ಇರಲಿಲ್ಲ. ಬೀಜೋಪಚಾರದ ಬಗ್ಗೆ ಹೇಳುತ್ತಿದ್ದಾಗ ನಮ್ಮ ದೊಡ್ಡಪ್ಪ ಎದ್ದು ನಿಂತು, 'ನಮ್ಮ ಎರಿ ಹೊಲಕ್ಕ ಇದು ನಡೀತೈತೇನ್ರಿ?' ಎಂದು ಪರದೆಯನ್ನೇ ಕೇಳಿದ್ದ. ಜನ ಬಿದ್ದು ಬಿದ್ದು ನಕ್ಕರು. ವರ್ಷ ತುಂಬಿತು, ಉಪಗ್ರಹವನ್ನು ಅದರ ಒಡೆಯರು ವಾಪಸು ಸರಿಸಿಕೊಂಡರು, ಪರದೆ ಕಪ್ಪಾಯಿತು.

ಮೂವತ್ತೇಳು ವರ್ಷ ವಿಜ್ಞಾನ ಮೇಷ್ಟ್ರಾಗಿದ್ದವನು ನಾನು. ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ತಮ್ಮೂರ ವಿಜ್ಞಾನದ ಮೇಲೆ ಕಿರುಚಿತ್ರ ಮಾಡಿಸುವ ಪರಿಪಾಠ ಈಗ ಹೊಸದೆಂಬಂತೆ ನಡೆದಿದೆ. ಅದರ ಬೇರು ನನಗೆ ಕಾಣುವುದು ದೊಡ್ಡಪ್ಪನ ಆ ಪ್ರಶ್ನೆಯಲ್ಲಿ.

ನಡುವೆ ಒಂದು ಗ್ರಹಣದ ಕಥೆ ಇದೆ. 1980ರ ಫೆಬ್ರುವರಿ 16, ಶನಿವಾರ ಮಧ್ಯಾಹ್ನ. ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕಡಲಿನಿಂದ ಹತ್ತಿ ಗದಗ, ರಾಯಚೂರು ದಾಟಿ ಹೋಯಿತು. ಆ ಪಟ್ಟಿಯ ಉದ್ದಕ್ಕೂ ದೇಶವಿದೇಶದ ವಿಜ್ಞಾನಿಗಳು ದೂರದರ್ಶಕ, ಕ್ಯಾಮೆರಾ ಹೂಡಿ ಕೂತಿದ್ದರು. ನಾನು ರಾಯಚೂರಿನ ಒಂದು ಹಾಸ್ಟೆಲಿನಲ್ಲಿದ್ದೆ. ನಮ್ಮ ವಾರ್ಡನ್ ಹೊರಗಿನಿಂದ ಚಿಲಕ ಹಾಕಿದರು. ಹಾಡುಹಗಲೇ ಕತ್ತಲಾಯಿತು, ಕಾಗೆಗಳು ಗೂಡು ಹುಡುಕಿ ಕೂಗಿದವು. ನಾನು ಕಂಡದ್ದು ಕಿಟಕಿಯ ಸಂದಿನಿಂದ ಗೋಡೆಗೆ ಬಿದ್ದ ಒಂದು ಕುಡುಗೋಲು ಬೆಳಕು, ಅಷ್ಟೇ. ಎಲ್ಲೆಲ್ಲಿಂದಲೋ ಬಂದವರು ನಮ್ಮ ಆಕಾಶವನ್ನು ರೀಲಿನಲ್ಲಿ ಕಟ್ಟಿಕೊಂಡು ಹೋದರು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

1987ರ ಅಕ್ಟೋಬರ್ 2ರಿಂದ ಸಿ.ವಿ. ರಾಮನ್ ಹುಟ್ಟಿದ ದಿನವಾದ ನವೆಂಬರ್ 7ರವರೆಗೆ ಭಾರತ ಜನ ವಿಜ್ಞಾನ ಜಾಥಾ ನಡೆಯಿತು. ನಮ್ಮಂಥ ಹುಡುಗರು ಹಲಗೆ ಬಡಿಯುತ್ತ ಬೀದಿನಾಟಕ ಆಡಿದೆವು. ಪರ್ಮಾಂಗನೇಟಿಗೆ ಗ್ಲಿಸರಿನ್ ಹನಿಸಿ ಬೆಂಕಿ ಎಬ್ಬಿಸಿ ಪವಾಡ ಬಯಲು ಮಾಡಿದೆವು. ವಿಚಾರವಾದಿ ಎಚ್. ನರಸಿಂಹಯ್ಯನವರ ಹೆಸರು ಹೇಳಿ ಎದೆಯುಬ್ಬಿಸಿದ ಕಾಲ ಅದು. ಈಗ ಹಿಂದಿರುಗಿ ನೋಡಿದರೆ ನಾವೂ ಆ ಪೆಟ್ಟಿಗೆಯ ಹಾಗೇ ಇದ್ದೆವು: ಬರೀ ಬಾಯಿ. 1993ರಲ್ಲಿ ಮಕ್ಕಳ ವಿಜ್ಞಾನ ಸಮಾವೇಶ ದೇಶದ ಮಟ್ಟದಲ್ಲಿ ಶುರುವಾದ ಮೇಲೆ ಗಾಳಿ ಬದಲಾಯಿತು. ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳು ತಮ್ಮೂರಿನ ಒಂದು ಸಮಸ್ಯೆ ಹಿಡಿದು, ಅಳೆದು, ಬರೆದು ತರಬೇಕು. ಪುಸ್ತಕದಿಂದ ಇಳಿಸಿದರೆ ನಡೆಯದು. ಊರೇ ಪ್ರಯೋಗಶಾಲೆ ಆಗಬಹುದೆಂದು ನನಗೆ ಹೊಳೆದದ್ದು ಆಗ. ಅದಕ್ಕೆ ಕ್ಯಾಮೆರಾ ಕೂಡುವುದೊಂದೇ ಬಾಕಿ ಇತ್ತು.

ಅದು ಕೂಡಿದ್ದು 2012ರಲ್ಲಿ, ಸಿಂಧನೂರು ತಾಲೂಕಿನ ಶಾಲೆಯೊಂದರಲ್ಲಿ. ಅಳಿಯ ಕೊಟ್ಟ ಕೈಯಗಲದ ಡಿಜಿಟಲ್ ಕ್ಯಾಮೆರಾ, ಒಂಬತ್ತನೆಯ ತರಗತಿಯ ನಾಲ್ಕು ಮಕ್ಕಳು. ವಿಷಯ, ಸವುಳು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಊರಲ್ಲಿ ದುಡ್ಡಾಡಿತು. ಹಿಂದೆಯೇ ತಗ್ಗಿನ ಹೊಲಗಳಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಎದ್ದಿತು. ಮಕ್ಕಳು ಒಂದು ಪರಾತದಲ್ಲಿ ಉಪ್ಪುನೀರು ಹಾಕಿ ಇಟ್ಟಿಗೆ ನಿಲ್ಲಿಸಿದರು. ದಿನಕ್ಕೊಮ್ಮೆ ಅದರ ಫೋಟೋ. ನೀರು ಇಟ್ಟಿಗೆಯ ಒಳಗಿನಿಂದ ಮೇಲೇರಿತು, ಆರಿತು, ಉಪ್ಪು ಮಾತ್ರ ನೆತ್ತಿಯಲ್ಲಿ ಉಳಿಯಿತು. ಹೊಲದಲ್ಲೂ ಅದೇ ಲೆಕ್ಕ. ಬಸಿದು ಹೋಗಲು ದಾರಿಯಿಲ್ಲದೆ ನೀರು ಒಳಗೇ ಏರುತ್ತದೆ, ಬಿಸಿಲು ನೀರನ್ನು ಒಯ್ಯುತ್ತದೆ, ಉಪ್ಪನ್ನು ಬಿಡುತ್ತದೆ. ಎಂಬತ್ತು ದಾಟಿದ ಒಬ್ಬ ರೈತ ಕಾಲುವೆ ಬರುವ ಮುಂಚಿನ ಹೊಲವನ್ನು ನೆನೆದು ಕ್ಯಾಮೆರಾದ ಮುಂದೆ ಹೇಳಿದ: 'ಆಗ ನೀರಿಲ್ಲ ಅಂತ ಅತ್ತಿವಿ. ಈಗ ನೀರಿನಾಗ ನಿಂತು ಅಳತೀವಿ.'

ಎರಡನೆಯ ಚಿತ್ರ 2018ರದು, ವರ್ಗವಾಗಿ ನಮ್ಮ ತಾಲೂಕಿಗೇ ಬಂದ ಮೇಲೆ. ಆ ಹೊತ್ತಿಗೆ ಮಕ್ಕಳ ಮನೆಯಲ್ಲೇ ಮೊಬೈಲ್, ಅದರಲ್ಲೇ ಎಡಿಟಿಂಗ್. ನಮ್ಮ ಬೋರಿಂಗ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮ್ ಮೀರಬಾರದೆಂದು ಲೆಕ್ಕ, ಮೀರಿದ ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ. ಪರಿಹಾರವೆಂದು ಬಂದದ್ದು ಶುದ್ಧ ನೀರಿನ ಘಟಕ. ಆಗ ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನು. ನಾನು ಅಂದುಕೊಂಡಿದ್ದ ಚಿತ್ರ ಅಲ್ಲಿಗೆ ಮುಗಿಯುತ್ತಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಘಟಕದ ಹಿಂಬದಿಗೆ ಹೋಗಿ ಬಂದಳು. 'ಸರ, ಹಿಂದೊಂದು ಪೈಪ್ ಐತ್ರಿ. ಅದರ ನೀರು ಗಟಾರಕ್ಕ ಹೊಂಟೈತಿ. ತೆಗೆದ ಫ್ಲೋರೈಡ್ ಅದರಾಗ ಇರಬೇಕಲ್ರಿ?' ನಾನು ಸುಮ್ಮನಾದೆ. ಎರಡು ಪೈಪಿಗೂ ಒಂದೇ ಅಳತೆಯ ಕೊಡ ಹಿಡಿದು ಚಿತ್ರೀಕರಿಸಿದರು. ಗಟಾರದ ಪೈಪಿನ ಕೊಡವೇ ಮೊದಲು ತುಂಬಿತು. ಅದಕ್ಕೆ ಮಾತಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದ ರಾತ್ರಿ ಜನ ಮೊದಲು ಮಾತಾಡಲೇ ಇಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಮಾರನೆಯ ದಿನ ಪುಢಾರಿಯೊಬ್ಬರು ಬಂದು, 'ಊರ ಮರ್ಯಾದಿ ಕಳೀಬ್ಯಾಡ್ರಿ ಮಾಸ್ತರ' ಎಂದು ಹೇಳಿ ಚಹಾ ಕುಡಿದು ಹೋದರು.

ಇಂಥ ಚಿತ್ರಗಳೆಲ್ಲ ಚೆನ್ನಾಗಿರುತ್ತವೆ ಎಂದು ಹೇಳಲಾರೆ. ನಾನು ನೋಡಿದವುಗಳಲ್ಲಿ ಮುಕ್ಕಾಲು ಪಾಲು ಬೇಸರ ತರಿಸುವಂಥವು. ಟಿವಿ ಸುದ್ದಿಯವರಂತೆ ಅಬ್ಬರದ ದನಿ, ಸೀರಿಯಲ್ಲಿನ ಢಣ್ ಸಂಗೀತ, ಕೊನೆಗೊಂದು 'ಆದ್ದರಿಂದ ನಾವೆಲ್ಲರೂ...' ಈ ಚಟವನ್ನು ಅಂಟಿಸಿದವರು ಜಾಥಾದ ನಾವೇ ಇರಬೇಕು. ನನ್ನ ಶಾಲೆಯಲ್ಲಿ ಒಂದೇ ನಿಯಮವಿತ್ತು: ಚಿತ್ರದಲ್ಲಿ 'ಆದ್ದರಿಂದ' ಎಂಬ ಪದ ಬರಕೂಡದು. ಬಂದರೆ ಮತ್ತೆ ಶೂಟಿಂಗ್.

ವಿಜ್ಞಾನ ಪ್ರಸಾರ್ ಸಂಸ್ಥೆ ನಡೆಸುತ್ತಿದ್ದ ರಾಷ್ಟ್ರೀಯ ವಿಜ್ಞಾನ ಚಲನಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗೂ ಜಾಗವಿತ್ತು. 1989ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 2023ರಲ್ಲಿ ಮುಚ್ಚಿದರು. ಕೆಟ್ಟ ನಿರ್ಧಾರ.

ಸವುಳಿನ ಚಿತ್ರ ಈಗ ಇಲ್ಲ. ತಪ್ಪು ನನ್ನದೇ. ಮೊಮ್ಮಗಳ ಹುಟ್ಟುಹಬ್ಬದ ಫೋಟೋಕ್ಕೆ ಜಾಗ ಬೇಕೆಂದು ಮೆಮೊರಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ, ಬೇರೆ ನಕಲು ಇರಲಿಲ್ಲ. ಆ ರೈತ ತೀರಿಕೊಂಡು ಹತ್ತು ವರ್ಷವಾಯಿತು. ಅವನು ಹೇಳಿದ್ದು ನಾಲ್ಕು ಮಕ್ಕಳ ಮತ್ತು ನನ್ನ ನೆನಪಿನಲ್ಲಿ ಮಾತ್ರ ಉಳಿದಿದೆ. ಮೇಷ್ಟ್ರುಗಳೇ, ನಿಮ್ಮ ಹಳೆಯ ಮೊಬೈಲುಗಳಲ್ಲಿ, ಮೇಜಿನ ಡ್ರಾಯರಿನಲ್ಲಿ ಮಕ್ಕಳು ಮಾಡಿದ ಚಿತ್ರಗಳಿದ್ದರೆ ಇವತ್ತೇ ಹುಡುಕಿ. ಊರು, ಇಸವಿ, ಮಕ್ಕಳ ಹೆಸರು ಬರೆದು ಎರಡು ಕಡೆ ನಕಲು ಇಡಿ. ಒಂದನ್ನು ಶಾಲೆಯಲ್ಲೇ ಇಡಿ.