ತಂಜಾವೂರಿನ ಶಾಸನದಲ್ಲಿ ಸ್ತ್ರೀಯರ ವೇತನ

ಪ್ರಾಚೀನ ದೇವಾಲಯವು ಕೇವಲ ಪೂಜಾಸ್ಥಾನವಾಗಿರಲಿಲ್ಲ. ನೂರಾರು ಕುಟುಂಬಗಳಿಗೆ ಅನ್ನವನ್ನೀಯುವ ಸಂಸ್ಥೆಯೂ ಆಗಿದ್ದಿತು. ಅಲ್ಲಿ ಸೇವೆಗೈದ ಸ್ತ್ರೀಪುರುಷರಿಗೆ ಸಮಾನ ಪ್ರತಿಫಲ ದೊರೆಯುತ್ತಿದ್ದಿತೇ? ಈ ಪ್ರಶ್ನೆಗೆ ತಂಜಾವೂರಿನ ರಾಜರಾಜೇಶ್ವರ ದೇವಾಲಯದ ಶಾಸನವೊಂದು ಅಂಕಿಗಳ ಮೂಲಕವೇ ಉತ್ತರ ನೀಡುತ್ತದೆ.

ಚೋಳ ಚಕ್ರವರ್ತಿ ಒಂದನೆಯ ರಾಜರಾಜನು (ಕ್ರಿ.ಶ. 985–1014) ತನ್ನ ನಾಡಿನ ಅನ್ಯಾನ್ಯ ದೇವಾಲಯಗಳಿಂದ 400 ಮಂದಿ ಸ್ತ್ರೀಯರನ್ನು ಕರೆತಂದು ಇಲ್ಲಿ ನೆಲೆಗೊಳಿಸಿದನು. ಶಾಸನವು ಇವರನ್ನು 'ತಳಿಚ್ಚೇರಿ ಪೆಂಡುಗಳ್' ಎಂದು ಕರೆಯುತ್ತದೆ. ದೇವಾಲಯದ ಸುತ್ತಣ ಬೀದಿಗಳಲ್ಲಿ ಪ್ರತಿಯೊಬ್ಬಳಿಗೂ ಒಂದೊಂದು ಮನೆ. ಜೀವನಕ್ಕೆ ಒಂದೊಂದು ಪಾಲು. ಒಂದು ಪಾಲೆಂದರೆ ವರ್ಷಕ್ಕೆ 100 ಕಲ ಭತ್ತ. ಪ್ರತಿಯೊಬ್ಬಳ ಹೆಸರೂ, ಆಕೆ ಬಂದ ಊರೂ, ಆಕೆಯ ಮನೆಯಿದ್ದ ಬೀದಿಯ ಸಾಲೂ ಕಲ್ಲಿನಲ್ಲಿ ಕೊರೆಯಲ್ಪಟ್ಟಿವೆ. ದುಡಿಯುವ ಹೆಣ್ಣಿಗೆ ಇಂತಹ ಮನ್ನಣೆ ಅಪೂರ್ವವಾದುದು.

ಅದೇ ಶಾಸನದಲ್ಲಿ ನಟ್ಟುವರ, ಅಂದರೆ ನೃತ್ಯಗುರುಗಳ, ಪ್ರಸ್ತಾಪವಿದೆ. ಅವರಿಗೆ ತಲಾ ಎರಡು ಪಾಲು, ಅಂದರೆ 200 ಕಲ ಭತ್ತ. ಕುಣಿಯುವವಳಿಗೆ ಒಂದು, ಕುಣಿಸುವವನಿಗೆ ಎರಡು! ಆದರೆ ಇದರಿಂದ ದುಡುಕಿನ ತೀರ್ಮಾನಕ್ಕೆ ಬರಲಾಗದು. ಅರ್ಧ ಪಾಲಿಗೆ ದುಡಿದ ಪುರುಷ ಪರಿಚಾರಕರೂ ಆ ಪಟ್ಟಿಯಲ್ಲಿದ್ದಾರೆ. ಆದುದರಿಂದ ಹೆಣ್ಣೆಂಬ ಒಂದೇ ಕಾರಣಕ್ಕೆ ಪಾಲನ್ನು ಕಡಿತಗೊಳಿಸಲಾಯಿತೆನ್ನುವುದು ಸರಿಯಲ್ಲ. ಪಾಲು ನಿರ್ಧಾರವಾದದ್ದು ಹುದ್ದೆಯಿಂದ.

ಹಾಗಾದರೆ ತಾರತಮ್ಯವೆಲ್ಲಿ? ಹುದ್ದೆಯ ಹಂಚಿಕೆಯಲ್ಲಿಯೇ. ನಟ್ಟುವರಾದವರು ಪುರುಷರು. ಆ 400 ಮಂದಿಯೂ, ಹಿರಿಯಳಾಗಲಿ ಕಿರಿಯಳಾಗಲಿ, ನುರಿತವಳಾಗಲಿ ಹೊಸಬಳಾಗಲಿ, ಅದೇ ಒಂದು ಪಾಲಿನವರು. ಅವರೊಳಗೆ ಸಮತೆಯಿದ್ದಿತು, ಆದರೆ ಮೇಲೇರುವ ಮೆಟ್ಟಿಲಿರಲಿಲ್ಲ. ಕಲೆಯಲ್ಲಿ ಪಳಗಿದವಳು ಗುರುಸ್ಥಾನಕ್ಕೆ ಏರಿ ಎರಡು ಪಾಲು ಪಡೆದ ನಿದರ್ಶನವು ಆ ಪಟ್ಟಿಯಲ್ಲಿಲ್ಲ.

ಇನ್ನೊಂದು ವಿಧಿಯೂ ಮನನೀಯವಾಗಿದೆ. ಪಾಲುದಾರರು ಮರಣ ಹೊಂದಿದರೆ ಅಥವಾ ಊರು ಬಿಟ್ಟರೆ ಹತ್ತಿರದ ಬಂಧುಗಳು ಆ ಪಾಲನ್ನು ಪಡೆದು ಸೇವೆಯನ್ನು ಮುಂದುವರಿಸಬೇಕು. ಅವರಲ್ಲಿ ಯೋಗ್ಯತೆಯಿಲ್ಲದಿದ್ದರೆ ಯೋಗ್ಯರನ್ನು ಆರಿಸಿ ಮಾಡಿಸಬೇಕು. ವಂಶಕ್ಕೆ ಆಧಾರವಾದ ಈ ನಿಯಮವೇ ಪಾಲಿನೊಡನೆ ಸ್ಥಾನವನ್ನೂ ತಲೆಮಾರುಗಳಿಗೆ ಸ್ಥಿರಗೊಳಿಸುವಂತಹುದು.

ಸಹಸ್ರ ವರ್ಷಗಳು ಕಳೆದಿವೆ. ಧರ್ಮಸಂಸ್ಥೆಯ ನ್ಯಾಯವನ್ನು ಅಳೆಯುವವರು ಸಮಾನ ಕೆಲಸಕ್ಕೆ ಸಮಾನ ವೇತನವಿದೆಯೇ ಎಂದು ಕೇಳಿದರಷ್ಟೇ ಸಾಲದು. ಹೆಚ್ಚಿನ ವೇತನದ ಕೆಲಸಕ್ಕೆ ಹೆಣ್ಣಿಗೆ ಬಾಗಿಲು ತೆರೆದಿದೆಯೇ ಎಂದೂ ಕೇಳಬೇಕು. ತಂಜಾವೂರಿನ ಕಲ್ಲು ಕಲಿಸುವ ಪಾಠವಿದು.