ಜಾಹೀರಾತಿನ ಮುಂದೆ ಮಿದುಳು

ಗಿರಾಕಿಯ ಮನಸ್ಸನ್ನು ಅವನಿಗೇ ಗೊತ್ತಾಗದಂತೆ ಹೊಕ್ಕುಬಿಡಬೇಕೆಂಬ ಆಸೆ ಜಾಹೀರಾತಿನವರಿಗೆ ಹಳೆಯದು. 1957ರಲ್ಲಿ ಅಮೆರಿಕದ ಮಾರುಕಟ್ಟೆ ಸಂಶೋಧಕ ಜೇಮ್ಸ್ ವಿಕರಿ, ಸಿನಿಮಾ ಪರದೆಯ ಮೇಲೆ ಕಣ್ಣಿಗೆ ದಕ್ಕದ ವೇಗದಲ್ಲಿ ಸಂದೇಶ ಮಿಂಚಿಸಿ ಪಾಪ್‌ಕಾರ್ನ್, ಕೋಕಾ-ಕೋಲಾ ಮಾರಾಟ ಏರಿಸಿದೆನೆಂದು ಸಾರಿದ. ಊರೆಲ್ಲ ಬೆಚ್ಚಿತು. 1962ರಲ್ಲಿ, ಅದೊಂದು ಗಿಮಿಕ್ಕು ಎಂದು ಅವನೇ ಒಪ್ಪಿಕೊಂಡ.

ಉಪಕರಣ ಹಿಡಿದು ಅಳೆಯಹೊರಟವರು ಬೇರೆ. 1971ರಲ್ಲಿ ಹರ್ಬರ್ಟ್ ಕ್ರುಗ್‌ಮನ್ ಟಿ.ವಿ. ಜಾಹೀರಾತು ನೋಡುವಾಗಿನ ಮಿದುಳಿನ ಅಲೆಗಳನ್ನು ಇಇಜಿಯಲ್ಲಿ ದಾಖಲಿಸಿದರು. ಪ್ರಯೋಗಕ್ಕೆ ಕೂತದ್ದು ಒಬ್ಬಳೇ ಯುವತಿ!

ಎಫ್‌ಎಂಆರ್‌ಐ ಎಂಬ ಸ್ಕ್ಯಾನರ್ ಬಂದ ಮೇಲೆ ಚಿತ್ರ ಬದಲಾಯಿತು. ರಕ್ತದ ಆಮ್ಲಜನಕದ ಏರಿಳಿತದಿಂದ ಮಿದುಳಿನ ಯಾವ ಭಾಗ ಚುರುಕಾಗಿದೆಯೆಂದು ಅದು ತೋರಿಸುತ್ತದೆ. 2004ರಲ್ಲಿ ಹ್ಯೂಸ್ಟನ್ನಿನ ಬೇಲರ್ ಮೆಡಿಕಲ್ ಕಾಲೇಜಿನ ರೀಡ್ ಮಾಂಟಗ್ ತಂಡ 67 ಜನರಿಗೆ ಕೋಕ್, ಪೆಪ್ಸಿ ಕೊಟ್ಟು ಪರೀಕ್ಷಿಸಿತು. ಹೆಸರು ಮರೆಮಾಚಿದಾಗ ಎರಡಕ್ಕೂ ಹೆಚ್ಚುಕಡಿಮೆ ಸಮಾನ ಒಲವು. ಬರುವುದು ಕೋಕ್ ಎಂದು ತೋರಿಸಿದೊಡನೆ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಚುರುಕಾಯಿತು. ಪೆಪ್ಸಿಯ ಹೆಸರಿಗೆ ಆ ಬಲವಿರಲಿಲ್ಲ. ನಾಲಿಗೆಯ ಜೊತೆ ಹಳೆಯ ನೆನಪೂ ಕುಡಿಯುತ್ತಿತ್ತು!

ಅಲ್ಲಿಂದಾಚೆಗೆ, ಗಿರಾಕಿಯ ಮಿದುಳನ್ನು ಅಳೆದು ಮಾರಾಟಕ್ಕೆ ಬಳಸುವ 'ನ್ಯೂರೋಮಾರ್ಕೆಟಿಂಗ್' ಒಂದು ದಂಧೆಯೇ ಆಯಿತು. 2011ರಲ್ಲಿ ಮಾರುಕಟ್ಟೆ ಸಮೀಕ್ಷೆಯ ನೀಲ್ಸನ್ ಸಂಸ್ಥೆ ಈ ಕಸುಬಿನ ನ್ಯೂರೋಫೋಕಸ್ ಕಂಪನಿಯನ್ನು ಕೊಂಡಿತು. ಅದೇ ವರ್ಷ, ಐಫೋನ್ ಕಂಡಾಗ ಮಿದುಳಿನ ಇನ್ಸುಲಾ ಎಂಬ ಭಾಗ ಚುರುಕಾಗುವುದರಿಂದ ಜನರಿಗೆ ಅದರ ಮೇಲಿರುವುದು ಪ್ರೀತಿಯೇ ಎಂದು ಬ್ರ್ಯಾಂಡ್ ಸಲಹೆಗಾರ ಮಾರ್ಟಿನ್ ಲಿಂಡ್‌ಸ್ಟ್ರಾಮ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ನಲವತ್ತಕ್ಕೂ ಹೆಚ್ಚು ನರವಿಜ್ಞಾನಿಗಳು ಪ್ರತಿಭಟಿಸಿ ಪತ್ರ ಬರೆದರು: ಮಿದುಳು ಚಿತ್ರಣದ ಅಧ್ಯಯನಗಳಲ್ಲಿ ಮೂರರಲ್ಲೊಂದು ಪಾಲಿನಷ್ಟರಲ್ಲಿ ಇನ್ಸುಲಾ ಕಾಣಿಸಿಕೊಳ್ಳುತ್ತದೆ. ನೋವಿಗೂ ಅದು ಚುರುಕಾಗುತ್ತದೆ, ಅಸಹ್ಯಕ್ಕೂ.

ಕ್ಷೇತ್ರದ ಮರ್ಯಾದೆ ಉಳಿಸಿದ್ದು ಮಾರಾಟದ ಸರಕಲ್ಲ, ಸಿಗರೇಟು ಬಿಡಿಸುವ ಜಾಹೀರಾತು. ಸಂಶೋಧಕಿ ಎಮಿಲಿ ಫಾಕ್ ಮತ್ತು ಸಂಗಡಿಗರು, ಧೂಮಪಾನ ಬಿಡಬೇಕೆಂದಿದ್ದ ಸುಮಾರು ಮೂವತ್ತು ಮಂದಿಗೆ ಮೂರು ಪ್ರಚಾರ ಸರಣಿಗಳನ್ನು ಸ್ಕ್ಯಾನರಿನೊಳಗೆ ತೋರಿಸಿದರು. ಯಾವುದು ಪರಿಣಾಮಕಾರಿ ಎಂದು ಕೇಳಿದಾಗ ಅವರು ಕೊನೆಯ ಸ್ಥಾನ ಕೊಟ್ಟ ಸರಣಿಗೇ, ಹಣೆಯ ಹಿಂದಿನ ಮಿದುಳಿನ ಮಧ್ಯಭಾಗ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸಿತ್ತು. ಪ್ರಸಾರವಾದಾಗ ಸಹಾಯವಾಣಿಗೆ ಕರೆಗಳನ್ನು ಹೆಚ್ಚು ಏರಿಸಿದ್ದೂ ಅದೇ ಸರಣಿ. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ತೂಕವಿರುವುದು ಅದರ ಶಿಸ್ತಿನಲ್ಲಿ. ಮಿದುಳಿನ ಯಾವ ಭಾಗ ನೋಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಬಂದದ್ದನ್ನು ಹೊರಗಿನ ಲೆಕ್ಕದೊಂದಿಗೆ ತಾಳೆ ನೋಡಿದ್ದರು. ಭಾವನೆಗೆ ಹೆಸರಿಡುವ ಆತುರ ಅಲ್ಲಿರಲಿಲ್ಲ.

2015ರಲ್ಲಿ ಟೆಂಪಲ್ ವಿಶ್ವವಿದ್ಯಾಲಯದವರ ನೇತೃತ್ವದಲ್ಲಿ ನಡೆದ, ಜಾಹೀರಾತಿನ ಪರಿಣಾಮ ಅಳೆಯುವ ವಿಧಾನಗಳ ಹೋಲಿಕೆಯಲ್ಲೂ, ಪ್ರಶ್ನಾವಳಿ ಹೇಳದ್ದನ್ನು ಹೆಚ್ಚು ಹೇಳಿದ್ದು ಎಫ್‌ಎಂಆರ್‌ಐ. ಆದರೆ ಅದು ದುಬಾರಿ. ಕಂಪನಿಗಳು ಬಹಳವಾಗಿ ನೆಚ್ಚಿರುವುದು ಅಗ್ಗದ ಇಇಜಿಯನ್ನು, ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾವನ್ನು.

ಕಾನೂನೂ ಎಚ್ಚೆತ್ತಿದೆ. ಫ್ರಾನ್ಸ್ 2011ರಲ್ಲಿ ಮಿದುಳು ಚಿತ್ರಣವನ್ನು ವೈದ್ಯಕೀಯ, ಸಂಶೋಧನೆ ಮತ್ತು ನ್ಯಾಯಾಲಯದ ಬಳಕೆಗಷ್ಟೇ ಸೀಮಿತಗೊಳಿಸಿತು. 2023ರಲ್ಲಿ ಚಿಲಿಯ ಸುಪ್ರೀಂ ಕೋರ್ಟ್, ತಲೆಗೆ ತೊಡುವ ಇಇಜಿ ಸಾಧನ ಮಾರುವ ಇಮೋಟಿವ್ ಕಂಪನಿಗೆ, ಮಾಜಿ ಸೆನೆಟರ್ ಒಬ್ಬರ ಮಿದುಳಿನ ದತ್ತಾಂಶವನ್ನು ಅಳಿಸಿಹಾಕುವಂತೆ ಆದೇಶಿಸಿತು.